ಕೋಟೆ, ಕೊಪ್ಪರಿಗೆ ಮತ್ತು ಸೀನಪ್ಪನ ಹೆಬ್ಬೆರಳು

ಮೇ ತಿಂಗಳ ಎರಡನೆಯ ಶನಿವಾರ. ಪದ್ಮಕ್ಕನ ಮನೆಯ ತಾರಸಿಯ ಮೇಲೆ ಮಕ್ಕಳಿಗೆ ಸಿನಿಮಾ, ಕೆಳಗೆ ಜಗುಲಿಯಲ್ಲಿ ನಮಗೆ ಚುರುಮುರಿ ಎಂದು ಏರ್ಪಾಡಾಗಿತ್ತು. ರಜೆಗೆ ಬಂದ ಮೊಮ್ಮಕ್ಕಳು ನಾಲ್ವರು, ಬೀದಿಯ ಮಕ್ಕಳು ಐವರು. ಪರದೆಯೆಂದರೆ ಪದ್ಮಕ್ಕನ ಯಜಮಾನರ ಮದುವೆಯ ಪಂಚೆ. ಅಂಚನ್ನು ಹಿಂದಕ್ಕೆ ಮಡಚಿ ಪಿನ್ನು ಹಾಕಿದ್ದರೂ ಅದು ಆಗಾಗ ಬಿಚ್ಚಿಕೊಂಡು ಕಥಾನಾಯಕನ ನೆತ್ತಿಯ ಮೇಲೆ ಜರಿ ಹೊಳೆಯುತ್ತಿತ್ತು.

ಯಾವ ಸಿನಿಮಾ ಎಂಬ ಪ್ರಶ್ನೆ ಒಂದು ವಾರದಿಂದ ನಡೆದಿತ್ತು. ಮಕ್ಕಳ ಬೇಡಿಕೆ ಸ್ಪಷ್ಟವಾಗಿತ್ತು: ನಿಧಿ ಹುಡುಕುವ ಕಥೆಯಾಗಬೇಕು, ಕೋಟೆ ಇರಬೇಕು, ಕಳ್ಳರಿರಬೇಕು, ಅಪ್ಪ ಅಮ್ಮ ಇರಬಾರದು. ಕೊನೆಯ ಷರತ್ತು ಕೇಳಿ ಪದ್ಮಕ್ಕನ ಸೊಸೆಯ ಮುಖ ಸ್ವಲ್ಪ ಬಾಡಿತು.

"ಈ ಜಾತಿಯ ಸಿನಿಮಾ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ," ಎಂದು ಶುರು ಮಾಡಿದವನು ಸೀನಪ್ಪ. ಅವನು ಸರ್ವೆ ಇಲಾಖೆಯಲ್ಲಿ ಜೀವಮಾನವಿಡೀ ಸರಪಳಿ ಎಳೆದು ನಿವೃತ್ತನಾದವನು. ಮದುವೆಮನೆಯಲ್ಲಿ ಊಟದ ಎಲೆಯನ್ನು ಕಂಡರೂ ಅದರ ಉದ್ದಗಲ ಎಷ್ಟೆಂದು ಕಣ್ಣಿನಲ್ಲೇ ಅಳೆಯುತ್ತಾನೆ. "ನಕ್ಷೆ ಎಂದು ಒಂದು ಚರ್ಮದ ಚೂರು ತೋರಿಸುತ್ತಾರೆ. ಅಳತೆಯ ಪ್ರಮಾಣವಿಲ್ಲ, ಉತ್ತರ ದಿಕ್ಕಿನ ಗುರುತಿಲ್ಲ, ಚಕ್ಕುಬಂದಿ ಇಲ್ಲ. ಒಂದು ಒಣಮರ, ಅದರ ಪಕ್ಕ ಒಂದು ಗುಣಾಕಾರದ ಚಿಹ್ನೆ. ಇಂಥದ್ದನ್ನು ನಾನು ಕಚೇರಿಯಲ್ಲಿ ಕೊಟ್ಟಿದ್ದರೆ ಆ ದಿನವೇ ಅಮಾನತು. ಆ ಮಕ್ಕಳು ಅದನ್ನೇ ಹಿಡಿದುಕೊಂಡು ನೆಟ್ಟಗೆ ಜಾಗಕ್ಕೇ ಹೋಗಿ ನಿಲ್ಲುತ್ತಾರೆ! ನಾವು ಗ್ರಾಮನಕ್ಷೆ, ಪಹಣಿ, ಅಕ್ಕಪಕ್ಕದ ರೈತರು, ಎಲ್ಲವನ್ನೂ ಇಟ್ಟುಕೊಂಡು ಒಂದು ಬಾಂದುಕಲ್ಲು ಹುಡುಕಲು ಮೂರು ದಿನ ಒದ್ದಾಡುತ್ತಿದ್ದೆವು."

"ನಕ್ಷೆ ಹಾಗಿರಲಿ, ಬಾಗಿಲಿನ ಮಾತು ಹೇಳು," ಎಂದರು ಪದ್ಮಕ್ಕ. ಅವರು ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಲಾಕರ್ ವಿಭಾಗ ನೋಡಿಕೊಂಡವರು. "ನಾನೂರು ವರ್ಷ ಯಾರೂ ಮುಟ್ಟದ ಕಲ್ಲಿನ ಬಾಗಿಲು. ಒಂದು ಹುಡುಗಿ ಆಯಾಸವಾಯಿತೆಂದು ಗೋಡೆಗೆ ಒರಗುತ್ತಾಳೆ, ಅದು ಗರಗರ ಎಂದು ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಎರಡು ವರ್ಷ ತೆರೆಯದ ಲಾಕರಿಗೆ ಗ್ರಾಹಕರ ಕೀಲಿ, ನಮ್ಮ ಕೀಲಿ ಎರಡನ್ನೂ ಹಾಕಿ, ಎಣ್ಣೆ ಬಿಟ್ಟು, ಗಣಪತಿಯನ್ನು ನೆನೆದು ತಿರುಗಿಸಿದರೂ ಕೊನೆಗೆ ಕಂಪನಿಯವನನ್ನೇ ಕರೆಸಿ ಕೊರೆಸಬೇಕಾಗಿತ್ತು. ಒಳಗೆ ಇರುತ್ತಿದ್ದುದೇನು? ಒಂದು ಜೊತೆ ಬೆಂಡೋಲೆ, ಮೂವರು ಅಣ್ಣತಮ್ಮಂದಿರ ವಿಭಾಗಪತ್ರ."

"ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ," ಎಂದ ಗಂಗಾಧರ ಕಡಲೆಕಾಯಿ ಬೀಜಗಳನ್ನು ಮಾತ್ರ ಆರಿಸಿ ತಿನ್ನುತ್ತ. "ಮೂರು ಹಗಲು ಎರಡು ರಾತ್ರಿ ಕೋಟೆಯೊಳಗೆ ಅಲೆದಾಡುತ್ತಾರೆ. ಒಬ್ಬನಿಗೂ ಬಹಿರ್ದೆಸೆಗೆ ಹೋಗುವ ಅವಸರ ಬರುವುದಿಲ್ಲ. ನಮ್ಮ ಮೊಮ್ಮಗನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರೆ ಮೂರು ಸಲ ಕಾರು ನಿಲ್ಲಿಸಬೇಕು."

ಸೀನಪ್ಪ ಅಷ್ಟರಲ್ಲಿ ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಮಾಡಲು ತೊಡಗಿದ್ದ. ವಿದೇಶದ ಕಥೆಗಳಲ್ಲಿ ಕೋಟೆಯೆಂದರೆ ನಾಲ್ಕು ಗೋಪುರಗಳ ದೊಡ್ಡ ಮನೆ. ಮೇಲಿನ ಅಂತಸ್ತಿನಿಂದ ಶುರು ಮಾಡಿದರೆ ಸಂಜೆಯೊಳಗೆ ನೆಲಮಾಳಿಗೆ ಮುಗಿಯುತ್ತದೆ. ನಮ್ಮ ದೇಶದಲ್ಲಿ ಕೋಟೆಯೆಂದರೆ ಒಂದು ಬೆಟ್ಟ. ಅದರ ಮೇಲೆ ಕೆರೆ, ಕಣಜ, ದೇವಸ್ಥಾನ, ಮದ್ದಿನಮನೆ, ಒಂದು ಊರು. "ಚಿತ್ತೋಡಗಢವನ್ನೇ ತೆಗೆದುಕೊಳ್ಳಿ," ಎಂದ. "ಸುಮಾರು 700 ಎಕರೆ. ಎಕರೆಗೆ ನಲವತ್ತು ಗುಂಟೆಯಂತೆ 28,000 ಗುಂಟೆ. ಐದು ಮಕ್ಕಳು, ತಲೆಗೊಂದು ಗುದ್ದಲಿ, ಒಬ್ಬೊಬ್ಬರು ದಿನಕ್ಕೆ ಒಂದು ಗುಂಟೆ ಅಗೆದರು ಎಂದು ಉದಾರವಾಗಿ ಇಟ್ಟುಕೊಳ್ಳೋಣ. ಒಂದು ಭಾನುವಾರವೂ ರಜೆ ಇಲ್ಲದೆ 5,600 ದಿನ. ಹದಿನೈದು ವರ್ಷದ ಮೇಲೆ. ನಿಧಿ ಸಿಗುವ ಹೊತ್ತಿಗೆ ಆ ಮಕ್ಕಳಿಗೆ ಮಕ್ಕಳಾಗಿ, ಅವರಿಗೂ ಬೇಸಿಗೆ ರಜೆ ಬಂದಿರುತ್ತದೆ."

"ಸಿಕ್ಕಿತು ಎಂದೇ ಇಟ್ಟುಕೊಳ್ಳಿ," ಎಂದರು ವಕೀಲ ಬಸವರಾಜು. ಅವರು ಅಲ್ಲಿಯವರೆಗೆ ಮಾತನಾಡದೆ ಕುಳಿತಿದ್ದುದೇ ಅಪಾಯದ ಸೂಚನೆ. "ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಕಾನೂನು ಅಲ್ಲಿಂದ ಶುರುವಾಗುತ್ತದೆ. 1878ರ ನಿಧಿ ಕಾಯ್ದೆ. ಮಣ್ಣಿನಲ್ಲಿ ಅಡಗಿರುವ, ಬೆಲೆಯಿರುವ ಯಾವ ವಸ್ತುವಾದರೂ ನಿಧಿಯೇ. ಅದರ ಬೆಲೆ ಹತ್ತು ರೂಪಾಯಿ ಮೀರಿದರೆ ಸಿಕ್ಕಿದವನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು."

"ಎಷ್ಟು?"

"ಹತ್ತು ರೂಪಾಯಿ."

ಜಗುಲಿಯಲ್ಲಿ ಒಂದು ಕ್ಷಣ ಮೌನ. ಪದ್ಮಕ್ಕ ತಮ್ಮ ಹೂಕುಂಡಗಳ ಕಡೆ ನೋಡಿದರು. ಕಳೆದ ವಾರ ತುಳಸಿಕಟ್ಟೆಯ ಮಣ್ಣು ಬದಲಿಸುವಾಗ ಅವರಿಗೆ ಒಂದು ಸ್ಟೀಲ್ ಚಮಚ ಸಿಕ್ಕಿತ್ತು.

"ಹತ್ತು ರೂಪಾಯಿಯ ನಿಧಿಗೆ ರಿಜಿಸ್ಟರ್ಡ್ ಪತ್ರ ಬರೆದರೆ ಅಂಚೆಯ ಖರ್ಚೇ ಹೆಚ್ಚಾಗುತ್ತದೆಯಲ್ಲ ವಕೀಲರೇ?"

"1878ರಲ್ಲಿ ಹತ್ತು ರೂಪಾಯಿ ಎಂದರೆ ಸಣ್ಣ ಮಾತಲ್ಲ, ಅಮ್ಮಾ. ತಿಳಿಸದೆ ಬಚ್ಚಿಟ್ಟರೆ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಸೆರೆಮನೆಯೂ ಆಗಬಹುದು. ನೀವು ಹೇಳುವ ಸಿನಿಮಾದ ಮಕ್ಕಳು ಕೊನೆಯ ದೃಶ್ಯದಲ್ಲಿ ಮುತ್ತಿನ ಹಾರಗಳನ್ನು ಕೊರಳಿಗೆ ಹಾಕಿಕೊಂಡು ಕುಣಿಯುತ್ತಾರಲ್ಲ, ಅದು ಸಾಕ್ಷ್ಯ. ಹೂತಿಟ್ಟವರು ನೂರು ವರ್ಷದ ಈಚಿನವರೋ ಆಚಿನವರೋ ನೋಡಬೇಕು. ಒಡೆಯರು ಯಾರೂ ಇಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹುಡುಕಿದವನಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು."

"ಮುಕ್ಕಾಲು ಪರವಾಗಿಲ್ಲ," ಎಂದ ಸೀನಪ್ಪ. ಅವನ ಸ್ವರದಲ್ಲಿ ಇದ್ದಕ್ಕಿದ್ದಂತೆ ಬಂದ ಗೌರವವನ್ನು ನಾನು ಆಗಲೇ ಗಮನಿಸಬೇಕಾಗಿತ್ತು.

ಇಷ್ಟೆಲ್ಲ ತಕರಾರುಗಳ ನಡುವೆ ಸಿನಿಮಾ ಆರಿಸುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಇತಿಹಾಸದ ಮೇಷ್ಟ್ರಾಗಿದ್ದವನು ಎಂಬ ಒಂದೇ ಕಾರಣಕ್ಕೆ. ನಾನು ತಂದದ್ದು ಸತ್ಯಜಿತ್ ರಾಯ್ 1974ರಲ್ಲಿ ಮಾಡಿದ 'ಸೋನಾರ್ ಕೆಲ್ಲಾ', ಎಂದರೆ ಬಂಗಾರದ ಕೋಟೆ. ಬಂಗಾಳಿ ಚಿತ್ರ, ಕೆಳಗೆ ಇಂಗ್ಲಿಷ್ ಸಾಲುಗಳು. ಪದ್ಮಕ್ಕನ ದೊಡ್ಡ ಮೊಮ್ಮಗಳು ಎಂಟನೆಯ ತರಗತಿ ಮುಗಿಸಿದವಳು, ಆ ಸಾಲುಗಳನ್ನು ಓದಿ ಉಳಿದ ಎಂಟು ಮಂದಿಗೆ ಕನ್ನಡದಲ್ಲಿ ಹೇಳುವುದೆಂದು ಒಪ್ಪಿಕೊಂಡಳು. ಅದಕ್ಕೆ ಪ್ರತಿಯಾಗಿ ಅವಳಿಗೆ ಎರಡು ಐಸ್ ಕ್ರೀಮ್. ಹೀಗಾಗಿ ಜಗುಲಿಯಲ್ಲಿದ್ದ ನಮಗೆ ಚಿತ್ರ ಕಾಣುತ್ತಿರಲಿಲ್ಲ, ಆದರೆ ಅವಳ ಗಂಟಲು ಚೆನ್ನಾಗಿ ಕೇಳಿಸುತ್ತಿತ್ತು.

"ಇವನ ಹೆಸರು ಮುಕುಲ್. ರಾತ್ರಿ ಎದ್ದು ಕೂತು ಕೋಟೆಯ ಚಿತ್ರ ಬರೆಯುತ್ತಾನೆ. ಹೋದ ಜನ್ಮದಲ್ಲಿ ಬಂಗಾರದ ಕೋಟೆಯ ಹತ್ತಿರ ಇದ್ದನಂತೆ!"

"ಹೋದ ಜನ್ಮದ ಪಾಠ ನೆನಪಿದೆಯಂತೋ?" ಎಂದು ಯಾವುದೋ ಚಿಕ್ಕ ದನಿ ಕೇಳಿತು. ಉತ್ತರ ಬರಲಿಲ್ಲ.

ನಾನು ಕೆಳಗೆ ಕಥೆ ಹೇಳಿದೆ. ಕಲ್ಕತ್ತಾದ ಪುಸ್ತಕದಂಗಡಿಯವರೊಬ್ಬರ ಮಗ ಮುಕುಲ್. ಅವನ ಪೂರ್ವಜನ್ಮದ ಮನೆಯಲ್ಲಿ ರತ್ನಗಳಿದ್ದವಂತೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಮನಸ್ಸಿನ ವಿಚಾರ ಅಭ್ಯಾಸ ಮಾಡುವ ಡಾಕ್ಟರ್ ಹಾಜ್ರಾ ಅವನನ್ನು ಕರೆದುಕೊಂಡು ರಾಜಸ್ಥಾನಕ್ಕೆ ಹೊರಡುತ್ತಾರೆ. ಹಿಂದೆಯೇ ಇಬ್ಬರು ಖದೀಮರು. ಅವರ ಹಿಂದೆ ಪತ್ತೇದಾರ ಫೆಲೂದಾ, ಅವನ ಚಿಕ್ಕಪ್ಪನ ಮಗ ತೋಪ್ಶೆ. ಆ ಫೆಲೂದಾನನ್ನು ಪರದೆಗೆ ತಂದ ಮೊದಲ ಚಿತ್ರ ಇದು. ಪಾತ್ರ ಮಾಡಿದವರು ಸೌಮಿತ್ರ ಚಟರ್ಜಿ, ಕಥೆ ರಾಯ್ ಅವರದೇ, ಹಣ ಹಾಕಿದ್ದು ಪಶ್ಚಿಮ ಬಂಗಾಳ ಸರ್ಕಾರ.

"ಸರ್ಕಾರವೇ ಹಣ ಹಾಕಿ ನಿಧಿ ಹುಡುಕಿಸಿತೇ?" ಎಂದರು ವಕೀಲರು.

"ಸಿನಿಮಾ ಮಾಡಿಸಿತು. ನಿಜವಾಗಿ ನಿಧಿ ಹುಡುಕಿದ ಸರ್ಕಾರದ ಕಥೆ ಬೇರೆ ಇದೆ, ಆಮೇಲೆ ಹೇಳುತ್ತೇನೆ."

ಖದೀಮರ ಮೊದಲ ಸಾಹಸವೇ ವಕೀಲರಿಗೆ ಬಹಳ ಮೆಚ್ಚುಗೆಯಾಯಿತು. ಮುಕುಲ್ ಎಂಬ ಹೆಸರು ಹಿಡಿದು ಹೊರಟು, ಅದೇ ಸುತ್ತಿನ ಬೇರೆ ಮುಕುಲ್‌ನನ್ನು ಹೊತ್ತೊಯ್ದುಬಿಡುತ್ತಾರೆ. "ನನ್ನ ಕಕ್ಷಿದಾರನೊಬ್ಬ ಹೀಗೆಯೇ, ಸಾಲ ವಸೂಲಿಗೆಂದು ಹೋಗಿ ಅದೇ ಹೆಸರಿನ ಬೇರೆಯವರ ಎಮ್ಮೆ ಹೊಡೆದುಕೊಂಡು ಬಂದಿದ್ದ," ಎಂದರು. "ನ್ಯಾಯಾಲಯಕ್ಕೆ ಎಮ್ಮೆಯೂ ಬಂದಿತ್ತು."

ಮೇಲಿನಿಂದ ಗದ್ದಲ. "ತಳ್ಳಿಬಿಟ್ಟರು! ಡಾಕ್ಟರನ್ನು ಬೆಟ್ಟದಿಂದ ತಳ್ಳಿಬಿಟ್ಟರು! ಈಗ ಆ ಕಳ್ಳನೇ ಡಾಕ್ಟರ್ ಎಂದು ಹೇಳಿಕೊಳ್ಳುತ್ತಾನೆ! ಅವನು ಡಾಕ್ಟರಲ್ಲ, ಮುಕುಲ್, ಅವನ ಜೊತೆ ಹೋಗಬೇಡ!" ಒಂಬತ್ತು ಮಕ್ಕಳೂ ಪಂಚೆಗೆ ಬುದ್ಧಿ ಹೇಳತೊಡಗಿದರು.

"ಕಳ್ಳ ಯಾರೆಂದು ಮೊದಲೇ ಹೇಳಿಬಿಟ್ಟರೆ ಪತ್ತೇದಾರಿ ಹೇಗಾಯಿತು?" ಎಂದು ಸೀನಪ್ಪನ ಆಕ್ಷೇಪ.

"ಇಲ್ಲಿರುವ ಮಜಾ ಅದೇ. ನೋಡುವವರಿಗೆಲ್ಲ ಗೊತ್ತು, ಕಥೆಯೊಳಗಿನವರಿಗೆ ಗೊತ್ತಿಲ್ಲ. ನಮ್ಮ ಬೀದಿಯ ಚುನಾವಣೆಯ ಹಾಗೆ," ಎಂದರು ಪದ್ಮಕ್ಕ.

ನಡುವೆ ರೈಲಿನಲ್ಲಿ ಜಟಾಯು ಎಂಬ ಲೇಖಕ ಹತ್ತಿಕೊಳ್ಳುತ್ತಾರೆ. ರೋಮಾಂಚಕ ಕಾದಂಬರಿಗಳನ್ನು ಬರೆದು ಹೆಸರು ಮಾಡಿದವರು. ಪ್ರಪಂಚದ ಬಗ್ಗೆ ಬರೆದದ್ದರಲ್ಲಿ ಅರ್ಧ ತಪ್ಪು. ಸಂತೋಷ್ ದತ್ತ ಆ ಪಾತ್ರವನ್ನು ಎಂಥ ಗಾಂಭೀರ್ಯದಿಂದ ಮಾಡಿದ್ದಾರೆಂದರೆ, ಒಂಟೆ ಮುಳ್ಳುಗಿಡ ತಿನ್ನುವಾಗ ಮುಳ್ಳನ್ನು ಆರಿಸಿ ತೆಗೆದು ತಿನ್ನುತ್ತದೆಯೇ ಎಂದು ಅವರು ಕೇಳಿದಾಗ ನಮಗೂ ಅದು ನ್ಯಾಯವಾದ ಸಂದೇಹ ಎನಿಸುತ್ತದೆ. ಗಂಗಾಧರ ಕಡಲೆಕಾಯಿ ಆರಿಸುವುದನ್ನು ತಟ್ಟನೆ ನಿಲ್ಲಿಸಿದ.

ಆಮೇಲೆ ಒಂಟೆಯ ಮೇಲೆ ಕುಳಿತು ರೈಲನ್ನು ಅಡ್ಡಗಟ್ಟಲು ಓಡುವ ದೃಶ್ಯ. ರೈಲು ನಿಲ್ಲುವುದಿಲ್ಲ. ಇದನ್ನೇ ನಾನು ಎತ್ತಿ ಹೇಳಬೇಕೆಂದಿದ್ದೆ. ಬೇರೆ ಸಾಹಸದ ಚಿತ್ರವಾಗಿದ್ದರೆ ಒಂಟೆ ರೈಲನ್ನು ಹಿಂದಿಕ್ಕಬೇಕಾಗಿತ್ತು. ಇಲ್ಲಿ ರೈಲು ತನ್ನ ಪಾಡಿಗೆ ಹೋಗುತ್ತದೆ; ನಾಯಕರು ಮೈಕೈ ನೋಯಿಸಿಕೊಂಡು ರಾಮ್‌ದೇವರಾ ಎಂಬ ಪುಟ್ಟ ನಿಲ್ದಾಣದಲ್ಲಿ ಚಳಿಯಲ್ಲಿ ಕುಳಿತು ರಾತ್ರಿಯ ಗಾಡಿಗೆ ಕಾಯುತ್ತಾರೆ. "ಇದು ನಿಜವಾದ ಕಥೆ," ಎಂದು ಗಂಗಾಧರ ಎದ್ದು ನಿಂತ. "ಅರಸೀಕೆರೆಯಲ್ಲಿ ನಾನು ಹಾಗೆ ಎಷ್ಟು ರಾತ್ರಿ ಕುಳಿತಿಲ್ಲ!"

ಗಂಗಾಧರ ಎದ್ದು ನಿಂತನೆಂದರೆ ರಾಜಸ್ಥಾನ ಪ್ರವಾಸ ಶುರುವಾಯಿತೆಂದು ಅರ್ಥ. ನಾಲ್ಕು ವರ್ಷದ ಹಿಂದೆ ಡಿಸೆಂಬರಿನಲ್ಲಿ ಹೋಗಿ ಬಂದವನು, ಇನ್ನೂ ಪೂರ್ತಿಯಾಗಿ ವಾಪಸು ಬಂದಿಲ್ಲ. ಚಿತ್ರದಲ್ಲಿ ಎಲ್ಲರೂ ಹುಡುಕುವ ಬಂಗಾರದ ಕೋಟೆಯೆಂದರೆ ಜೈಸಲ್ಮೇರ್. ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ್ದು. ಹಳದಿ ಮರಳುಗಲ್ಲು, ಬಿಸಿಲು ಓರೆಯಾದಾಗ ಇಡೀ ಬೆಟ್ಟವೇ ಕಾಯಿಸಿದ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ.

"ನಾನು ಚಳಿಗೆಂದು ಮಂಕಿ ಟೋಪಿ ಹಾಕಿಕೊಂಡಿದ್ದೆ. ಅಲ್ಲಿನ ಗೈಡ್ ನನ್ನನ್ನು ನೋಡಿದವನೇ ಬಂಗಾಳಿಯಲ್ಲಿ ಶುರು ಮಾಡಿದ. ನಾನು ಮೈಸೂರಿನವನಪ್ಪಾ ಎಂದರೂ ನಂಬಲಿಲ್ಲ. ಆ ಸಿನಿಮಾ ಬಂದ ಮೇಲೆ ಬಂಗಾಳಿಗಳು ಹಿಂಡು ಹಿಂಡಾಗಿ ಬರತೊಡಗಿದರಂತೆ. ಒಂದು ಮುರುಕು ಮನೆಯ ಮುಂದೆ ನಿಲ್ಲಿಸಿ, 'ಇದು ಮುಕುಲ್ ಮನೆ' ಎಂದು ಕೈಮುಗಿಯುವ ಹಾಗೆ ಹೇಳಿದ. ನನ್ನ ಹೆಂಡತಿ ಕೈಮುಗಿದೂಬಿಟ್ಟಳು."

"ಕಥೆಯಲ್ಲಿ ಹೋದ ಜನ್ಮದ ಮನೆ, ಅದೂ ಕಲ್ಪನೆ," ಎಂದರು ವಕೀಲರು. "ಅದರ ಸ್ವತ್ತು ಸ್ಥಳೀಯವಾಗಿ ಸ್ಥಾಪಿತವಾಗಿಬಿಟ್ಟಿದೆ. ಈ ಜನ್ಮದ ಮನೆಗೇ ಜನ ದಾಖಲೆ ಇಟ್ಟುಕೊಂಡಿರುವುದಿಲ್ಲ."

"ನಿಧಿ ಏನಾದರೂ ಇದೆಯಂತೋ?" ಸೀನಪ್ಪನ ಪ್ರಶ್ನೆ, ಬಹಳ ಸಹಜವಾಗಿ, ಬೇರೆ ಕಡೆ ನೋಡುತ್ತ.

ಇತಿಹಾಸದ ಮೇಷ್ಟ್ರಿಗೆ ಇದು ಸಂದು. ಆ ಊರು ಸಿರಿವಂತವಾದದ್ದು ಒಂಟೆಗಳ ಸಾಲು ಮರಳುಗಾಡು ದಾಟುವಾಗ ಅಲ್ಲಿ ತಂಗುತ್ತಿದ್ದುದರಿಂದ. ರೇಷ್ಮೆ, ಅಫೀಮು, ಮಸಾಲೆ, ಎಲ್ಲಕ್ಕೂ ಸುಂಕ. ಆಮೇಲೆ ಹಡಗುಗಳು ಬಂದವು, ಮುಂಬಯಿ ಬಂದರು ಬೆಳೆಯಿತು, ವ್ಯಾಪಾರಿಗಳು ಗಂಟು ಕಟ್ಟಿಕೊಂಡು ಹೊರಟುಹೋದರು. ನಿಧಿಯೇನಾದರೂ ಇದ್ದಿದ್ದರೆ ಅದು ನೆಲದೊಳಗೆ ಹೋಗಲಿಲ್ಲ, ಒಂಟೆಯ ಮೇಲೆ ಕುಳಿತು ಊರು ಬಿಟ್ಟಿತು. ಉಳಿದದ್ದು ಮನೆಗಳು, ಅವುಗಳಲ್ಲಿ ಜನ. ಈಗಲೂ ಆ ಕೋಟೆಯೊಳಗೆ ಸಾವಿರಾರು ಮಂದಿ ಒಲೆ ಹಚ್ಚಿ, ಬಟ್ಟೆ ಒಣಗಿಸಿ ಬದುಕುತ್ತಿದ್ದಾರೆ. 2013ರಲ್ಲಿ ಯುನೆಸ್ಕೋ ರಾಜಸ್ಥಾನದ ಆರು ಗಿರಿದುರ್ಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಜೈಸಲ್ಮೇರ್ ಅದರಲ್ಲೊಂದು.

"ಅಲ್ಲಿ ನೆಲದೊಳಗೆ ಇರುವುದು ಬೇರೆಯದು," ಎಂದೆ. "ಮಳೆಯೇ ಇಲ್ಲದ ಊರಿಗೆಂದು ಕಟ್ಟಿದ ಕೋಟೆ. ಬಿಂದಿಗೆ ನೀರಿನ ಲೆಕ್ಕದಲ್ಲಿ ಬದುಕುತ್ತಿದ್ದವರಿಗೆ ನಲ್ಲಿ ಬಂತು, ಅದರ ಹಿಂದೆ ಹೋಟೆಲುಗಳು, ಸ್ನಾನದ ಮನೆಗಳು. ಬಳಸಿದ ನೀರು ಇಂಗಿ ಕೆಳಗಿನ ಜೇಡಿಮಣ್ಣು ನೆಂದು ಬುರುಜುಗಳೇ ಕುಸಿದವು. ಎಂಟುನೂರು ವರ್ಷ ಮುತ್ತಿಗೆಗಳ ನಡುವೆಯೂ ನಿಂತಿದ್ದ ಗೋಡೆಗೆ ಬಚ್ಚಲ ನೀರು ತಡೆಯಲಾಗಲಿಲ್ಲ."

"ನಾವು ಇಳಿದುಕೊಂಡಿದ್ದು ಕೋಟೆಯೊಳಗಿನ ಹೋಟೆಲಿನಲ್ಲೇ," ಎಂದ ಗಂಗಾಧರ ತುಸು ಕುಗ್ಗಿದ ದನಿಯಲ್ಲಿ. "ನಾನು ದಿನಕ್ಕೆ ಎರಡು ಸಲ ಸ್ನಾನ ಮಾಡಿದ್ದೆ."

ಸರ್ಕಾರದ ಕಥೆ ಹೇಳು ಎಂದು ವಕೀಲರು ಪಟ್ಟು ಹಿಡಿದರು. ಹೇಳಿದೆ. ಚಿತ್ರದಲ್ಲಿ ಡಾಕ್ಟರನ್ನು ತಳ್ಳುವುದು ಜಯಪುರದ ನಾಹರ್‌ಗಢದಲ್ಲಿ. ಅದೇ ಗುಡ್ಡಸಾಲಿನಲ್ಲಿ ಸ್ವಲ್ಪ ಆಚೆಗೆ ಜೈಗಢ ಎಂಬ ಇನ್ನೊಂದು ಕೋಟೆ. ಅಕ್ಬರನ ಸೇನಾಪತಿ ಮಾನಸಿಂಹ ಅಫಘಾನಿಸ್ತಾನದ ದಂಡಯಾತ್ರೆಯಿಂದ ತಂದ ಸಂಪತ್ತು ಅಲ್ಲಿ ಹೂತಿದೆ ಎಂದು ಹಿಂದಿನಿಂದಲೂ ಪ್ರತೀತಿ. ಕೋಟೆಯಲ್ಲಿ ಮಳೆನೀರು ತುಂಬಿಡುವ ದೊಡ್ಡ ದೊಡ್ಡ ತೊಟ್ಟಿಗಳಿವೆ. ಅವುಗಳ ಕೆಳಗೆ ಎಂದು ಒಬ್ಬರು, ಪಕ್ಕಕ್ಕೆ ಎಂದು ಇನ್ನೊಬ್ಬರು. ಚಿತ್ರ ತೆರೆಗೆ ಬಂದ ಎರಡು ವರ್ಷದೊಳಗೆ, 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಕೇಂದ್ರ ಸರ್ಕಾರವೇ ಸೈನ್ಯದವರನ್ನು ಕರೆಸಿ ಆ ಕೋಟೆಯನ್ನು ತಿಂಗಳುಗಟ್ಟಲೆ ಅಗೆಸಿತು.

"ಮಕ್ಕಳ ಸಿನಿಮಾ ನೋಡಿ ಮಾಡಿದರೇ?"

"ಹಾಗೆ ಹೇಳಲಾರೆ. ಆದರೆ ಮಕ್ಕಳ ಸಿನಿಮಾದಂತೆಯೇ ಮಾಡಿದರು. ಇನ್ನೂ ಇದೆ ಕೇಳಿ. ಸುದ್ದಿ ಗಡಿ ದಾಟಿತು. ಪಾಕಿಸ್ತಾನದ ಪ್ರಧಾನಿ ಭುಟ್ಟೊ ಇಂದಿರಾ ಗಾಂಧಿಯವರಿಗೆ ಪತ್ರ ಬರೆದರು: ದೇಶ ಒಂದಾಗಿದ್ದ ಕಾಲದ ನಿಧಿ, ಸಿಕ್ಕಿದರೆ ನಮಗೂ ಪಾಲು ಬರಬೇಕು ಎಂದು."

ವಕೀಲರು ಕುರ್ಚಿಯ ತುದಿಗೆ ಬಂದರು. "ಅದ್ಭುತ! ಸಿಗದ ನಿಧಿಗೆ ವಿಭಾಗದ ದಾವೆ! ಇಂದಿರಾ ಏನು ಬರೆದರು?"

"ವರ್ಷದ ಕೊನೆಯವರೆಗೆ ಸುಮ್ಮನಿದ್ದು ಆಮೇಲೆ ಉತ್ತರಿಸಿದರು. ನಿಮ್ಮ ಹಕ್ಕಿಗೆ ಕಾನೂನಿನ ಆಧಾರವಿಲ್ಲ, ಅಂದಹಾಗೆ ನಿಧಿಯೂ ಇಲ್ಲ ಎಂದು."

"ಮೊದಲು ಹಕ್ಕಿಲ್ಲ, ಆಮೇಲೆ ನಿಧಿಯಿಲ್ಲ. ಸರಿಯಾದ ಕ್ರಮ," ಎಂದು ವಕೀಲರು ತೃಪ್ತಿಯಿಂದ ಹಿಂದಕ್ಕೆ ಒರಗಿದರು. "ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ."

"ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತೇವೆ. ಅಲ್ಲಿ ನಿಜವಾಗಿ ಬೆಟ್ಟವನ್ನೇ ಅಗೆದರು," ಎಂದರು ಪದ್ಮಕ್ಕ. "ಇಲಿಯ ಬಗ್ಗೆ ವರದಿ ಬಂದಿದೆಯೇ?"

ಅಷ್ಟರಲ್ಲಿ ತಾರಸಿಯ ಮೇಲೆ ಸದ್ದು ಅಡಗಿತು. ಚಿತ್ರದ ಕೊನೆಯ ಭಾಗ. ಅಲ್ಲಿಯವರೆಗೆ ಒಂದೊಂದು ಕೋಟೆ ಕಂಡಾಗಲೂ ಇದಲ್ಲ ಎನ್ನುತ್ತಿದ್ದ ಮುಕುಲ್ ಕೊನೆಗೆ ತನ್ನ ಕೋಟೆಗೆ ಬರುತ್ತಾನೆ. ಸುಳ್ಳು ಡಾಕ್ಟರ್ ಹುಡುಗನಿಗೆ ಸಮ್ಮೋಹನ ಮಾಡಿ ಊರಿನ ಹೆಸರು ಬಾಯಿಬಿಡಿಸಿಕೊಂಡು ಕರೆತಂದಿದ್ದಾನೆ. ಹುಡುಗನಿಗೆ ಮನೆ ಸಿಗುತ್ತದೆ, ಹಾಳುಬಿದ್ದ ಗೋಡೆ. ಅವನು ಅಳುತ್ತಾನೆ. ಕಳ್ಳನಿಗೆ ರತ್ನ ಬೇಕು. ಅವನ ಎದುರಿಗೆ ಬಂದು ನಿಲ್ಲುವುದು ನವಿಲು. ಮುಕುಲ್ ಪಾತ್ರ ಮಾಡಿದ ಕುಶಲ್ ಚಕ್ರವರ್ತಿಗೆ ಶ್ರೇಷ್ಠ ಬಾಲನಟನ ರಾಷ್ಟ್ರ ಪ್ರಶಸ್ತಿ ಬಂತು. ಆ ಅಳು ನೋಡಿದವರಿಗೆ ಅದು ಏಕೆಂದು ಗೊತ್ತು.

"ಮನೆಗೆ ಹೋಗಬೇಕಂತೆ," ಎಂದು ಮೊಮ್ಮಗಳು ಅನುವಾದಿಸಿದಳು. "ಕಲ್ಕತ್ತಾದ ಮನೆಗೆ."

"ನಿಧಿ?" ಎಂದು ಅದೇ ಚಿಕ್ಕ ದನಿ.

"ಇಲ್ಲವಂತೆ."

"ಮೋಸ!"

ಕೆಳಗೆ ಸೀನಪ್ಪ ಮಾತ್ರ ನಗಲಿಲ್ಲ. ಚುರುಮುರಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ. "ಆ ಮುಕುಲ್‌ಗೆ ಮಾಡಿದ್ದನ್ನೇ ನನಗೂ ಮಾಡಿದ್ದರು," ಎಂದ.

ನಲವತ್ತು ವರ್ಷದ ಸ್ನೇಹದಲ್ಲಿ ಈ ಸಂಗತಿಯನ್ನು ಅವನು ಒಮ್ಮೆಯೂ ಹೇಳಿರಲಿಲ್ಲ. ಸೀನಪ್ಪ ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವನು. ಅಂಥವರ ಕಣ್ಣಿಗೆ ಅಂಜನ ಕಾಣುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಾಸನದ ಕಡೆಯ ಅವರ ಹಳ್ಳಿಮನೆಯ ಹಿತ್ತಲಲ್ಲಿ ಪಾಳೆಯಗಾರರ ಕಾಲದ ಕೊಪ್ಪರಿಗೆ ಇದೆಯೆಂದು ಅವನ ದೊಡ್ಡಜ್ಜನಿಗೆ ಬಲವಾದ ಗುಮಾನಿ. ದೂರದ ಊರಿನಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಅಮಾವಾಸ್ಯೆಯ ದಿನ ಏಳು ವರ್ಷದ ಸೀನಪ್ಪನಿಗೆ ತಲೆಗೆ ನೀರು ಹಾಕಿ, ಬೆಳಗಿನಿಂದ ಉಪವಾಸ ಕೂರಿಸಿ, ಹೆಬ್ಬೆರಳ ಉಗುರಿಗೆ ಕಪ್ಪು ಬಳಿದು, ದೀಪದ ಮುಂದೆ ಅದನ್ನೇ ನೋಡು ಎಂದರು.

"ಏನು ಕಾಣಿಸಿತು?"

"ನನ್ನ ಮೂಗು. ಆದರೆ ಹಾಗೆ ಹೇಳುವಂತಿರಲಿಲ್ಲ. ಆಂಜನೇಯಸ್ವಾಮಿ ಬಂದನೇ ಎಂದು ಕೇಳಿದರು, ಬಂದ ಎಂದೆ. ಕಸ ಗುಡಿಸು ಎಂದು ಹೇಳು ಎಂದರು, ಹೇಳಿದೆ. ಗುಡಿಸಿದನೇ, ಗುಡಿಸಿದ. ನೀರು ಚಿಮುಕಿಸಿದನೇ, ಚಿಮುಕಿಸಿದ. ದೇವರಿಗೆ ಅಷ್ಟು ಮನೆಗೆಲಸ ಹಚ್ಚಿದ್ದು ನೋಡಿ ನನಗೇ ನಾಚಿಕೆಯಾಯಿತು. ಆಮೇಲೆ ಕೊಪ್ಪರಿಗೆ ಎಲ್ಲಿದೆ ತೋರಿಸು ಎಂದು ಕೇಳು ಎಂದರು."

"ಏನು ಹೇಳಿದೆ?"

"ಬಾವಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲು ಕಾಣುತ್ತಿದೆ ಎಂದೆ."

"ನಿಜವಾಗಿ ಕಂಡಿತೇ?"

"ಎಲ್ಲಿಯ ಕಾಣುವುದು! ಆ ಕಲ್ಲಿನ ಕೆಳಗಿನ ಸಂದಿಗೆ ಹಿಂದಿನ ವಾರ ನನ್ನ ಗಾಜಿನ ಗೋಲಿ ಉರುಳಿ ಹೋಗಿತ್ತು. ಒಳಗೆ ನೀಲಿ ಎಲೆಯಿದ್ದ ಗೋಲಿ. ನನ್ನ ಕೈಲಿ ಆ ಕಲ್ಲು ಎತ್ತಲಾಗುತ್ತಿರಲಿಲ್ಲ. ದೊಡ್ಡವರಿಗೆ ಹೇಳಿದರೆ ಬೈಯುತ್ತಿದ್ದರು."

ಪದ್ಮಕ್ಕನಿಗೆ ಕಾಫಿ ನೆತ್ತಿಗೇರಿತು. ಆ ಅಮಾವಾಸ್ಯೆಯ ನಡುರಾತ್ರಿ ದೊಡ್ಡಜ್ಜ, ಇಬ್ಬರು ಚಿಕ್ಕಪ್ಪಂದಿರು, ಒಬ್ಬ ಆಳು, ಮಂತ್ರವಾದಿ ಸೇರಿ ಹಾರೆ ಹಾಕಿ ಕಲ್ಲು ಎಬ್ಬಿಸಿದರಂತೆ. ಸೀನಪ್ಪ ಲಾಟೀನು ಹಿಡಿಯುವ ನೆಪದಲ್ಲಿ ಬಗ್ಗಿ ಗೋಲಿಯನ್ನು ಚಡ್ಡಿಯ ಜೇಬಿಗೆ ಸೇರಿಸಿಕೊಂಡು ಹೋಗಿ ಮಲಗಿದ. ಉಳಿದವರು ಬೆಳ್ಳಿ ಮೂಡುವವರೆಗೆ ಅಗೆದರು. ಏನೂ ಸಿಗದಿದ್ದಾಗ ಮಂತ್ರವಾದಿ, ನಿಧಿ ಇದ್ದದ್ದು ನಿಜ, ಆದರೆ ಯಾರೋ ಮೈಲಿಗೆಯಲ್ಲಿ ಸುಳಿದಿದ್ದರಿಂದ ಜರುಗಿಹೋಯಿತು ಎಂದು ಹೇಳಿ, ದಕ್ಷಿಣೆಯೊಂದಿಗೆ ತಾನೂ ಜರುಗಿದ.

ನಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಈಗಲೂ ಪತ್ರಿಕೆಗಳಲ್ಲಿ ನಿಧಿಗಳ್ಳರ ಸುದ್ದಿ ಬರುತ್ತಲೇ ಇರುತ್ತದೆ. ಹಾಳು ದೇವಸ್ಥಾನದ ನಂದಿಯನ್ನು ಕಿತ್ತು ಗುಂಡಿ ತೋಡಿ ಓಡಿಹೋದವರು. ಇಂಥ ಮೂಢರಿಗೆ ಬುದ್ಧಿ ಬರುವುದು ಯಾವಾಗ ಎಂದು ಎಲ್ಲರೂ ಒಂದೊಂದು ಮಾತು ಆಡಿದೆವು. ವಿದ್ಯಾವಂತರು ಹೇಗೆ ಆಡಬೇಕೋ ಹಾಗೆ.

ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

"ಅಲ್ಲ ಸೀನಪ್ಪ," ಎಂದರು ವಕೀಲರು, ಕನ್ನಡಕ ಒರೆಸುತ್ತ. "ಎಷ್ಟು ಆಳ ಅಗೆದರು?"

"ಎರಡೂವರೆ ಅಡಿ. ಆಮೇಲೆ ಬಂಡೆ ಸಿಕ್ಕಿತು ಎಂದು ಬಿಟ್ಟರು."

"ಎರಡೂವರೆಯೇ?" ಎಂದ ಗಂಗಾಧರ. "ಪಾಳೆಯಗಾರರ ಕಾಲದವರು ಅಷ್ಟು ಮೇಲೆ ಹೂಳುತ್ತಾರೆಯೇ?"

"ಬಂಡೆಯೆಂದರೆ ಹುಟ್ಟುಬಂಡೆಯೋ, ಹಾಸಿದ ಚಪ್ಪಡಿಯೋ?" ಇದನ್ನು ಕೇಳಿದವನು ನಾನು. ಇತಿಹಾಸದ ದೃಷ್ಟಿಯಿಂದ ಕೇಳಿದೆ ಅಷ್ಟೇ.

ಸೀನಪ್ಪ ಯೋಚಿಸಿದ. "ಅಂಚು ನೇರವಾಗಿತ್ತು ಎಂದು ನೆನಪು."

"ಮನೆ ಈಗ ಯಾರ ಹೆಸರಿನಲ್ಲಿದೆ?"

"ದೊಡ್ಡಜ್ಜನ ಹೆಸರಿನಲ್ಲೇ. ಖಾತೆ ಬದಲಾಯಿಸಬೇಕು ಎಂದುಕೊಳ್ಳುತ್ತಲೇ ಇದ್ದೇನೆ." ಊರಿನವರಿಗೆಲ್ಲ ಜಮೀನು ಅಳೆದುಕೊಟ್ಟವನ ಸ್ವಂತ ಮನೆಯ ಸ್ಥಿತಿ ಇದು.

"ಹಾಗಾದರೆ ಕಾಲು ಪಾಲಿನಲ್ಲೇ ಎಷ್ಟು ಮಂದಿ ವಾರಸುದಾರರು ಎಂದು ಮೊದಲು ನೋಡಬೇಕು," ಎಂದರು ವಕೀಲರು. "ಹುಡುಕಿದವರ ಮುಕ್ಕಾಲಿಗೆ ಏನೂ ತೊಂದರೆಯಿಲ್ಲ."

"ಬಂಗಾರವಾದರೆ ಲಾಕರಿಗೆ ಇಡುವ ಮೊದಲು ತೂಕ ಹಾಕಿಸಿ ಪಟ್ಟಿ ಮಾಡಬೇಕು," ಎಂದರು ಪದ್ಮಕ್ಕ, ಯಾರನ್ನೂ ನೋಡದೆ.

ಸೀನಪ್ಪ ಕಾಫಿಯ ಲೋಟದೊಳಗೆ ತೋರುಬೆರಳು ಅದ್ದಿ ಮೇಜಿನ ಮೇಲೆ ಗೀರತೊಡಗಿದ. ಇದು ಬಾವಿ. ಇದು ಕಲ್ಲು. ಇಲ್ಲಿಂದ ಗೋಡೆಗೆ ಹನ್ನೆರಡು ಅಡಿ. ಮೇಲ್ಗಡೆ ಒಂದು ಬಾಣದ ಗುರುತು ಹಾಕಿ ಉತ್ತರ ಎಂದ. ಪಕ್ಕದಲ್ಲಿ ಅಳತೆಯ ಪ್ರಮಾಣವನ್ನೂ ಬರೆದ. ಎಲ್ಲಿ ಅಗೆಯಬೇಕೋ ಅಲ್ಲಿ ಒಂದು ಗುಣಾಕಾರದ ಚಿಹ್ನೆ. ನಾಲ್ಕು ನರೆತ ತಲೆಗಳು ಮೇಜಿನ ಮೇಲೆ ಬಾಗಿದವು. ಜರುಗುವುದೇ ಆದರೆ ಯಾವ ದಿಕ್ಕಿಗೆ ಜರುಗುತ್ತದೆ ಎಂದು ಗಂಗಾಧರ ಪಿಸುಗುಟ್ಟುತ್ತಿದ್ದ.

ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಎಲ್ಲಕ್ಕಿಂತ ಚಿಕ್ಕವನು ಮುಂದೆ ಬಂದು ನಿಂತ. ಅದೇ 'ಮೋಸ' ಎಂದವನು. ಮೇಜನ್ನೂ ನಮ್ಮ ಮುಖಗಳನ್ನೂ ನೋಡಿದ.

"ಏನದು, ತಾತ?"

"ಏನಿಲ್ಲ," ಎಂದೆವು ಐದೂ ಮಂದಿ ಒಟ್ಟಿಗೆ. ಸೀನಪ್ಪ ಅಂಗೈಯಿಂದ ಬಾವಿಯನ್ನು ಒರೆಸಿದ.